ಸಿರೆ ಕಿರಿದಾದವರಿಗೆ ಪೇಸ್‌ಮೇಕರ್: ವೈರಿಗೆ ದಾರಿ ಹುಡುಕುವ ಕೆಲಸ

ಪೇಸ್‌ಮೇಕರ್ ಹಾಕಿಸಿಕೊಳ್ಳಲು ಬಂದವರ ಹೆಗಲನ್ನೂ ಎದೆಯ ಮೇಲ್ಭಾಗವನ್ನೂ ಒಳ್ಳೆಯ ಬೆಳಕಿನಲ್ಲಿ ಒಂದು ನಿಮಿಷ ಸುಮ್ಮನೆ ನೋಡಬೇಕು. ಕಾಲರ್ ಬೋನಿನ ಕೆಳಗೆ ಚರ್ಮದಡಿಯಲ್ಲಿ ನೀಲಿ ನಾಳಗಳು ಬೇರುಗಳ ಹಾಗೆ ಹಬ್ಬಿವೆಯೇ? ಒಂದು ತೋಳು ಇನ್ನೊಂದಕ್ಕಿಂತ ದಪ್ಪಗಿದೆಯೇ? ರವಿಕೆಯ ತೋಳು ಒಂದೇ ಕಡೆ ಬಿಗಿಯುತ್ತಿದೆ, ಒಂದು ಕೈಗೆ ಬಳೆ ಏರುತ್ತಿಲ್ಲ ಎಂದು ಹೆಂಗಸರು ಹೇಳುವುದುಂಟು. ಬೆಳಗ್ಗೆ ಏಳುವಾಗ ಮುಖ ಊದಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ ಎನ್ನುವವರೂ ಇದ್ದಾರೆ. ಇದರಲ್ಲಿ ಯಾವುದು ಕಂಡರೂ ಎದೆಯೊಳಗಿನ ದೊಡ್ಡ ಸಿರೆ ಎಲ್ಲೋ ಕಿರಿದಾಗಿರಬಹುದು, ರಕ್ತ ಸಂದಿಗೊಂದಿಗಳನ್ನು ಹಿಡಿದು ಹೃದಯ ಸೇರುತ್ತಿರಬಹುದು ಎಂದು ಅನುಮಾನಿಸಬೇಕು. ಪೇಸ್‌ಮೇಕರಿನ ವೈರು ಹೋಗಬೇಕಾದದ್ದೂ ಅದೇ ದೊಡ್ಡ ಸಿರೆಯಲ್ಲಿ.

ಕಷ್ಟವೆಂದರೆ, ಹೆಚ್ಚಿನವರಲ್ಲಿ ಇಷ್ಟು ಗುರುತೂ ಇರುವುದಿಲ್ಲ. ಸಿರೆ ನಿಧಾನವಾಗಿ ಕಿರಿದಾದರೆ ದೇಹ ಅಷ್ಟೇ ನಿಧಾನವಾಗಿ ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಗ್ಗಿಸಿಕೊಳ್ಳುತ್ತದೆ. ಕೈ ಊದುವುದಿಲ್ಲ, ನೋವಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಚರ್ಮ ಕೊಯ್ದು, ಸೂಜಿ ಚುಚ್ಚಿ, ತಂತಿ ಒಳಗೆ ಬಿಟ್ಟ ಮೇಲೆ ಅದು ಮುಂದಕ್ಕೆ ಹೋಗದೆ ನಿಂತಾಗಲೇ ವಿಷಯ ಬಯಲಾಗುವುದು. ಆ ಹೊತ್ತಿಗೆ ರೋಗಿ ಮೇಜಿನ ಮೇಲಿದ್ದಾರೆ, ಎದೆಯಲ್ಲಿ ಗಾಯವಿದೆ, ತೀರ್ಮಾನಗಳನ್ನು ಅವಸರದಲ್ಲಿ ತೆಗೆದುಕೊಳ್ಳಬೇಕಾಗುತ್ತದೆ. ಕೊಯ್ಯುವ ಮುನ್ನವೇ ದಾರಿ ನೋಡಿಕೊಂಡಿದ್ದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ.

ಮೊದಲು, ಅಡ್ಡಿಯಿಲ್ಲದಿದ್ದಾಗ ಈ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ವಿಶ್ರಾಂತಿಯಲ್ಲಿರುವ ಹೃದಯ ನಿಮಿಷಕ್ಕೆ 60ರಿಂದ 100 ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಈ ಬಡಿತಕ್ಕೆ ಅಪ್ಪಣೆ ಕೊಡುವ ವಿದ್ಯುತ್ ಸಂಕೇತ ಮೇಲಿನ ಕೋಣೆಯಲ್ಲಿ ಹುಟ್ಟಿ ಕೆಳಗಿನ ಕೋಣೆಗೆ ಇಳಿಯಬೇಕು. ನಡುವೆ ಆ ಸಂಪರ್ಕ ಪೂರ್ತಿ ಕಡಿದರೆ ಅದೇ ಹಾರ್ಟ್ ಬ್ಲಾಕ್. ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನೂ ನಮ್ಮ ಜನ ಬ್ಲಾಕ್ ಎನ್ನುತ್ತಾರೆ. ಹಾರ್ಟ್ ಬ್ಲಾಕ್ ಬೇರೆ, ಇದು ಕರೆಂಟಿನ ತೊಂದರೆ. ಬಡಿತ 30–40ಕ್ಕೆ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ, ನಡೆಯುತ್ತಿದ್ದವರು ಕುಸಿಯುತ್ತಾರೆ. ಪರಿಹಾರವೆಂದರೆ ಹೊರಗಿನಿಂದ ಸಂಕೇತ ಕೊಡುವುದು. ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ, 25 ಗ್ರಾಂ ಆಸುಪಾಸಿನ ಡಬ್ಬಿಯೊಂದನ್ನು ಕಾಲರ್ ಬೋನಿನ ಕೆಳಗೆ ಚರ್ಮದಡಿ ಇಡುತ್ತಾರೆ. ಇದನ್ನೇ ಜನ ಬ್ಯಾಟರಿ ಎನ್ನುವುದು. ಅದರಿಂದ ಹೊರಟ ಒಂದೋ ಎರಡೋ ವೈರುಗಳು ಹೃದಯದ ಒಳಗೋಡೆಗೆ ಕಚ್ಚಿಕೊಳ್ಳುತ್ತವೆ. ವೈದ್ಯರು ಲೀಡ್ ಎನ್ನುವ ಈ ವೈರು ಸುಮಾರು 2 ಮಿಲಿಮೀಟರ್ ದಪ್ಪ, 50–60 ಸೆಂಟಿಮೀಟರ್ ಉದ್ದ.

ವೈರು ಸಾಗುವ ದಾರಿ ಹೀಗಿದೆ. ತೋಳಿನ ರಕ್ತ ಕಂಕುಳ ಬಳಿಯ ಸಿರೆಗೆ ಬಂದು, ಕಾಲರ್ ಬೋನಿನ ಅಡಿಯಿಂದ ಎದೆಯೊಳಗೆ ನುಗ್ಗುತ್ತದೆ. ಅಲ್ಲಿ ಕುತ್ತಿಗೆಯಿಂದ ಇಳಿದ ಸಿರೆ ಕೂಡಿಕೊಳ್ಳುತ್ತದೆ. ಹೀಗೆ ಕೂಡಿದ ಎಡಗಡೆಯ ಸಿರೆ ಸುಮಾರು 6 ಸೆಂಟಿಮೀಟರ್ ಉದ್ದಕ್ಕೆ ಎದೆಮೂಳೆಯ ಹಿಂದೆ ಓರೆಯಾಗಿ ಬಲಕ್ಕೆ ಹಾಯುತ್ತದೆ. ಬಲಗಡೆಯದು ಎರಡೂವರೆ ಸೆಂಟಿಮೀಟರಿನಷ್ಟು ಗಿಡ್ಡ, ಬಹುಪಾಲು ನೇರ. ಎರಡೂ ಸೇರಿದರೆ ಮೇಲಿನ ಮಹಾಸಿರೆ. ಅದು 7 ಸೆಂಟಿಮೀಟರಿನಷ್ಟು ಕೆಳಗಿಳಿದು ಹೃದಯದ ಬಲ ಮೇಲ್ಕೋಣೆಗೆ ತೆರೆದುಕೊಳ್ಳುತ್ತದೆ. ತಲೆ, ಕುತ್ತಿಗೆ, ಎರಡು ತೋಳುಗಳ ರಕ್ತವೆಲ್ಲ ಕೊನೆಗೆ ಇಳಿಯುವುದು ಈ ಒಂದೇ ನಾಳದಲ್ಲಿ.

ಸಿರೆಯ ಮೂಲಕ ಹೃದಯಕ್ಕೆ ಹೋಗಬಹುದೆಂದು ತೋರಿಸಿದವರು ವೆರ್ನರ್ ಫೋರ್ಸ್‌ಮನ್. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ತನ್ನ ತೋಳಿನ ಸಿರೆಯೊಳಗೆ ತಾನೇ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಯವರೆಗೆ ನಡೆದು ಹೋಗಿ ಚಿತ್ರ ತೆಗೆಸಿಕೊಂಡ ಆ ಯುವ ವೈದ್ಯನಿಗೆ 1956ರಲ್ಲಿ ನೊಬೆಲ್ ಬಂತು. ಆದರೂ ದೇಹದೊಳಗಿಟ್ಟ ಮೊದಲ ಪೇಸ್‌ಮೇಕರ್ ಸಿರೆಯ ದಾರಿ ಹಿಡಿಯಲಿಲ್ಲ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಯಂತ್ರದ ತಂತಿಗಳನ್ನು ಆರ್ನೆ ಲಾರ್ಸನ್ ಅವರ ಎದೆ ತೆರೆದು ಹೃದಯದ ಹೊರಮೈಗೇ ಹೊಲಿದರು. ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಲಾರ್ಸನ್ ಮಾತ್ರ ಒಂದಾದ ಮೇಲೊಂದರಂತೆ 26 ಪೇಸ್‌ಮೇಕರುಗಳನ್ನು ಹಾಕಿಸಿಕೊಂಡು 2001ರವರೆಗೆ, 86 ವರ್ಷ ಬದುಕಿದರು. ಅದೇ 1958ರಲ್ಲಿ ನ್ಯೂಯಾರ್ಕಿನ ಸೇಮೂರ್ ಫರ್ಮನ್ ಸಿರೆಯೊಳಗಿಂದ ವೈರು ಇಳಿಸಿ, ಹೊರಗಿಟ್ಟ ಯಂತ್ರದಿಂದ ಹೃದಯ ಬಡಿಯುವಂತೆ ಮಾಡಿದ್ದರು. ಎದೆ ತೆರೆಯಬೇಕಿಲ್ಲದ ಆ ದಾರಿಯೇ ಮುಂದೆ ರೂಢಿಯಾಯಿತು. ಹೊರಮೈಗೆ ಹೊಲಿಯುವ ಹಳೆಯ ಪದ್ಧತಿಯೂ ಅಳಿದಿಲ್ಲ. ಸಿರೆ ಕೈಕೊಟ್ಟಾಗ ಇಂದಿಗೂ ಅದರ ಮೊರೆ ಹೋಗುತ್ತಾರೆ.

ಸಿರೆ ಕಿರಿದಾಗುವುದು ಏಕೆ? ಅಪಧಮನಿಯ ಹಾಗೆ ಕೊಬ್ಬು ಮೆತ್ತಿಕೊಂಡು ಅಲ್ಲ. ಸಿರೆ ಮೆತ್ತಗಿನ, ಕಡಿಮೆ ಒತ್ತಡದ ನಾಳ. ಅದರೊಳಗೆ ಏನನ್ನಾದರೂ ಇಟ್ಟರೆ ಆ ವಸ್ತು ಹೃದಯದ ಪ್ರತಿ ಬಡಿತಕ್ಕೂ ಉಸಿರಾಟಕ್ಕೂ ಅಲುಗಾಡುತ್ತ ಒಳಪದರವನ್ನು ಉಜ್ಜುತ್ತದೆ. ಉಜ್ಜಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಕ್ರಮೇಣ ನಾರಾಗುತ್ತದೆ, ನಾರು ವೈರನ್ನೂ ಗೋಡೆಯನ್ನೂ ಸೇರಿಸಿ ಬೆಸೆದುಬಿಡುತ್ತದೆ. ಕಾಲರ್ ಬೋನಿನ ಅಡಿಯ ತಿರುವು, ಎರಡು ಸಿರೆಗಳು ಕೂಡುವ ಜಾಗ, ಮಹಾಸಿರೆಯ ಬಾಯಿ ಇವು ಹೆಚ್ಚು ಉಜ್ಜಾಡುವ ಸ್ಥಳಗಳು, ಆದ್ದರಿಂದ ಹೆಚ್ಚು ಕಟ್ಟಿಕೊಳ್ಳುವ ಸ್ಥಳಗಳು. ಹಳೆಯ ಪೇಸ್‌ಮೇಕರ್ ವೈರು ಇರುವವರ ಸಿರೆಯನ್ನು ಪರೀಕ್ಷಿಸಿದರೆ ಮೂವರಲ್ಲಿ ಒಬ್ಬರಿಗಾದರೂ ಒಂದಲ್ಲ ಒಂದು ಮಟ್ಟದ ಅಡ್ಡಿ ಕಾಣುವುದು ಅಪರೂಪವೇನಲ್ಲ. ಡಯಾಲಿಸಿಸ್‌ಗೆಂದು ಕುತ್ತಿಗೆಗೋ ಕಾಲರ್ ಬೋನಿನ ಕೆಳಗೋ ಹಾಕಿದ ದಪ್ಪ ಕೊಳವೆ ಇನ್ನೊಂದು ದೊಡ್ಡ ಕಾರಣ. ಕ್ಯಾನ್ಸರ್ ಔಷಧಿಗೆಂದು ಇಟ್ಟ ಪೋರ್ಟ್, ಎದೆಗೆ ಕೊಟ್ಟ ವಿಕಿರಣ, ಹೊರಗಿನಿಂದ ಸಿರೆಯನ್ನು ಒತ್ತುವ ಗಡ್ಡೆ, ಹಳೆಯ ಕ್ಷಯದ ಕಲೆ ಕೂಡ ಕಾರಣವಾಗಬಹುದು.

ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬರು 72 ವರ್ಷದ ಯಜಮಾನರು. 12 ವರ್ಷದ ಹಿಂದೆ ಎಡಗಡೆ ಪೇಸ್‌ಮೇಕರ್ ಹಾಕಿಸಿಕೊಂಡವರು. ಈಗ ಬ್ಯಾಟರಿ ಮುಗಿಯುತ್ತ ಬಂದಿದೆ, ಜೊತೆಗೆ ಕೆಳಕೋಣೆಯ ವೈರಿನ ಹೊದಿಕೆ ಹಾಳಾಗಿದೆ, ಹೊಸ ವೈರು ಬೇಕು. ಇನ್ನೊಬ್ಬರು 58 ವರ್ಷದ ತಾಯಿ. ಮೂತ್ರಪಿಂಡ ಸೋತು ವಾರಕ್ಕೆ ಮೂರು ದಿನ ಡಯಾಲಿಸಿಸ್‌ನಲ್ಲಿದ್ದಾರೆ. ಮೊದಲ ಎರಡು ತಿಂಗಳು ಕುತ್ತಿಗೆಯ ಬಲಗಡೆ ಕೊಳವೆ ಇತ್ತು. ಆಮೇಲೆ ಎಡ ತೋಳಿನಲ್ಲಿ ಅಪಧಮನಿಯನ್ನು ಸಿರೆಗೆ ಜೋಡಿಸಿ ಮಾಡಿದ ಫಿಸ್ಟುಲಾ ಬಲಿತು ಅಲ್ಲಿಂದ ಡಯಾಲಿಸಿಸ್ ನಡೆಯುತ್ತಿದೆ. ಈಗ ಹಾರ್ಟ್ ಬ್ಲಾಕ್ ಆಗಿ ಮೊನ್ನೆ ಎರಡು ಸಲ ಬಿದ್ದಿದ್ದಾರೆ. ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ಯಂತ್ರ, ಆದರೆ ಇಬ್ಬರಿಗೂ ಹೊಂದುವ ದಾರಿ ಬೇರೆ.

ಇಬ್ಬರಿಗೂ ಮೊದಲು ಬೇಕಾದದ್ದು ಸಿರೆಯ ನಕ್ಷೆ. ತೋಳಿನ ಸಿರೆಯನ್ನು ಅಲ್ಟ್ರಾಸೌಂಡಿನಲ್ಲಿ ನೋಡಬಹುದು, ಆದರೆ ಕಾಲರ್ ಬೋನು, ಎದೆಮೂಳೆಗಳ ಹಿಂದಿನದು ಅದಕ್ಕೆ ಸರಿಯಾಗಿ ಕಾಣಿಸುವುದಿಲ್ಲ. ಹಾಗಾಗಿ ವೀನೋಗ್ರಾಂ ಮಾಡುತ್ತಾರೆ. ಯಾವ ಕಡೆ ವೈರು ಹಾಕಬೇಕೋ ಅದೇ ಕಡೆಯ ಮೊಣಕೈ ಮಡಿಕೆಯಲ್ಲಿ, ಒಳಬದಿಯ ನಾಳಕ್ಕೆ ಕ್ಯಾನುಲಾ ಚುಚ್ಚಿ 10–20 ಮಿಲಿಲೀಟರ್ ಡೈ ಬಿಡುತ್ತಾರೆ, ಹಿಂದೆಯೇ ಸಲೈನ್ ತಳ್ಳುತ್ತಾರೆ, ಎಕ್ಸ್‌ರೇಯಲ್ಲಿ ಡೈ ಹರಿಯುವುದನ್ನು ಚಿತ್ರೀಕರಿಸುತ್ತಾರೆ. ಒಳಬದಿಯ ನಾಳವೇ ಏಕೆಂದರೆ ಅದು ನೇರವಾಗಿ ಕಂಕುಳ ಸಿರೆಗೆ ಹೋಗುತ್ತದೆ. ಹೊರಬದಿಯದಕ್ಕೆ ಚುಚ್ಚಿದರೆ ಡೈ ಬೇರೆ ನಾಳ ಹಿಡಿದು ಹೆಗಲ ಬಳಿ ಸೇರುತ್ತದೆ, ಕಂಕುಳ ಭಾಗ ಖಾಲಿ ಕಾಣುತ್ತದೆ. ಇಡೀ ಕೆಲಸಕ್ಕೆ ಕೆಲವೇ ನಿಮಿಷ ಸಾಕು. ಹಳೆಯ ವೈರಿದ್ದು ಹೊಸದು ಬೇಕಾದವರು, ಕೊಳವೆ ಹಾಕಿಸಿಕೊಂಡ ಚರಿತ್ರೆ ಇರುವವರು ಇವರೆಲ್ಲರಿಗೂ ಚರ್ಮ ಕೊಯ್ಯುವ ಮುನ್ನ ಈ ಚಿತ್ರ ಬೇಕೇ ಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಮೂತ್ರಪಿಂಡ ಅರ್ಧಂಬರ್ಧ ಕೆಲಸ ಮಾಡುತ್ತಿರುವವರಿಗೆ ಡೈ ಹಾನಿ ಮಾಡಬಹುದು. ಅಂಥವರಿಗೆ ಡೈ ಆದಷ್ಟು ಕಡಿಮೆ ಬಳಸುತ್ತಾರೆ, ಅನುಕೂಲವಿದ್ದ ಕಡೆ ಅದರ ಬದಲು ಇಂಗಾಲದ ಡೈಆಕ್ಸೈಡ್ ಅನಿಲವನ್ನೇ ಬಿಟ್ಟು ಚಿತ್ರ ತೆಗೆಯುತ್ತಾರೆ.

ಯಜಮಾನರ ಚಿತ್ರದಲ್ಲಿ ಡೈ ಕಾಲರ್ ಬೋನಿನ ಅಡಿಗೆ ಬಂದು ಗೋಡೆಗೆ ಹಾಯ್ದಂತೆ ನಿಂತುಬಿಡುತ್ತದೆ. ಅಲ್ಲಿಂದ ಅಂಕುಡೊಂಕಾದ ಹತ್ತಾರು ಎಳೆಗಳಾಗಿ ಕುತ್ತಿಗೆಯ ಬುಡದಲ್ಲಿ ಹರಡಿ, ಆಚೆ ಕಡೆ ಮಹಾಸಿರೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಮುಚ್ಚಿದೆ ಎಂದು ಬರೆದುಬಿಡುವುದು ಸುಲಭ. ಆದರೆ ಈ ಚಿತ್ರವನ್ನು ಪೂರ್ತಿ ನಂಬಬಾರದು. ತೋಳಿನಿಂದ ಬಿಟ್ಟ ಡೈ ಎಲ್ಲಿ ತಡೆ ಕಡಿಮೆಯೋ ಅಲ್ಲಿಗೆ ಹರಿಯುತ್ತದೆ. ಹಿಗ್ಗಿದ ಒಳದಾರಿಗಳೇ ಅದನ್ನೆಲ್ಲ ಸೆಳೆದುಕೊಂಡರೆ, ಕೂದಲೆಳೆಯಷ್ಟು ಉಳಿದಿರುವ ನಿಜವಾದ ದಾರಿ ಕಾಣಿಸುವುದೇ ಇಲ್ಲ. ಪರಿಣತರು ತೆಳುವಾದ ಕೊಳವೆಯೊಂದನ್ನು ತಡೆಯ ಮೂತಿಯವರೆಗೆ ಒಯ್ದು, ಅಲ್ಲೇ ಒತ್ತಿ ಹಿಡಿದು, ಒಂದೆರಡು ಮಿಲಿಲೀಟರ್ ಡೈ ಬಿಡುತ್ತಾರೆ. ಮುಚ್ಚಿದೆ ಎಂದುಕೊಂಡಿದ್ದ ಕಡೆ ಎಷ್ಟೋ ಸಲ ತೆಳು ಎಳೆಯೊಂದು ಆಚೆಗೆ ದಾಟುವುದು ಆಗ ಕಾಣುತ್ತದೆ. ಆ ಎಳೆ ಸಿಕ್ಕಿದರೆ ಯಜಮಾನರಿಗೆ ಎಡಗಡೆಯೇ ಸಾಕು, ಬಲಗಡೆಯನ್ನು ಮುಟ್ಟಬೇಕಿಲ್ಲ.

ದಾಟುವುದಕ್ಕೆ ಬಳಸುವ ತಂತಿಗೆ ನೀರು ತಾಕಿದರೆ ಲೋಳೆಯಂತೆ ಜಾರುವ ಲೇಪವಿರುತ್ತದೆ. ತುದಿ ಬಾಗಿದ ಕೊಳವೆಯನ್ನು ಅತ್ತಿತ್ತ ತಿರುಗಿಸುತ್ತ, ತಂತಿಯನ್ನು ಬೆರಳ ತುದಿಯಲ್ಲಿ ಹೊರಳಿಸುತ್ತ, ಹಳೆಯ ವೈರಿನ ಪಕ್ಕದಲ್ಲೇ ದಾರಿ ಹುಡುಕುತ್ತಾರೆ. ಬಲ ಹಾಕಿದರೆ ತಂತಿ ಗೋಡೆ ತೂರಿಕೊಂಡು ಹೊರಗೆ ಹೋಗುತ್ತದೆ, ತಾಳ್ಮೆಯಿದ್ದರೆ ನಿಜವಾದ ದಾರಿ ಹಿಡಿಯುತ್ತದೆ. ದಾಟಿದ ತಂತಿ ಸಿರೆಯೊಳಗೇ ಇದೆಯೆಂದು ಹೇಗೆ ಗೊತ್ತು? ಅದನ್ನು ಹೃದಯದ ಮೇಲ್ಕೋಣೆ ಹಾಯಿಸಿ, ವಪೆಯ ಕೆಳಗೆ, ಹೊಟ್ಟೆಯಲ್ಲಿರುವ ಕೆಳಗಿನ ಮಹಾಸಿರೆಯವರೆಗೆ ಇಳಿಸಿ ನೋಡುತ್ತಾರೆ. ಎದೆಯ ಪೊಳ್ಳಿಗೆ ಹೊರಬಿದ್ದ ತಂತಿ ಅಲ್ಲಿಗೆ ಇಳಿಯುವುದಿಲ್ಲ. ಈ ಒಂದು ಖಾತರಿ ಇಲ್ಲದೆ ಮುಂದಿನ ಹೆಜ್ಜೆ ಇಡಬಾರದು, ಯಾಕೆಂದರೆ ಇನ್ನು ಮುಂದೆ ಒಳಗೆ ಹೋಗುವುದೆಲ್ಲ ದಪ್ಪ ಸಾಮಾನು.

ತಂತಿ ದಾಟಿದ ಮೇಲೆ ಅಡ್ಡಿ ಸಣ್ಣದಾದರೆ ಕ್ರಮವಾಗಿ ದಪ್ಪವಾಗುವ ಕೊಳವೆಗಳನ್ನು ಒಂದಾದ ಮೇಲೊಂದು ತೂರಿಸಿ ಹಿಗ್ಗಿಸಿದರೆ ಸಾಕು. ಗಟ್ಟಿಯಾದರೆ ಬಲೂನು ಬೇಕು. ಸಾಮಾನ್ಯವಾಗಿ 6 ಮಿಲಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದದ ಬಲೂನು. ಹೃದಯದ ಆಂಜಿಯೋಪ್ಲಾಸ್ಟಿಯಲ್ಲಿ ಕೊಬ್ಬನ್ನು ಒತ್ತುತ್ತಾರೆ, ಇಲ್ಲಿ ಬಿರಿಸಬೇಕಾದದ್ದು ನಾರುಗಟ್ಟಿದ ಕಲೆಯನ್ನು. ಅದು ತೊಗಲಿನಷ್ಟು ಬಿಗಿ. ಕಾರಿನ ಟಯರಿನ ಗಾಳಿಯ ಒತ್ತಡ ಸುಮಾರು 2 ಅಟ್ಮಾಸ್ಫಿಯರ್ ಆದರೆ, ಇಲ್ಲಿ ಬಲೂನಿಗೆ ಅದರ ಹತ್ತು ಪಟ್ಟು, 20 ಅಥವಾ ಇನ್ನೂ ಹೆಚ್ಚು ಅಟ್ಮಾಸ್ಫಿಯರ್ ಬೇಕಾಗುವುದುಂಟು. ಒತ್ತಡ ಏರಿಸುವಾಗ ಪರದೆಯ ಮೇಲೆ ಬಲೂನಿನ ನಡುವೆ ಉಡಿದಾರ ಬಿಗಿದಂಥ ಸೊಂಟ ಕಾಣುತ್ತದೆ, ಕಲೆ ಹರಿದಾಗ ಆ ಸೊಂಟ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ರೋಗಿಗೆ ಎದೆಯ ಮೇಲೆ ಒಳಗಿನಿಂದ ಹಿಂಡಿದಂತೆ ನೋವಾಗುತ್ತದೆ. ಎಚ್ಚರವಿರುವ ರೋಗಿಗೆ ಇದನ್ನು ಮೊದಲೇ ಹೇಳಿ, ನೋವಿನ ಔಷಧ ಕೊಟ್ಟಿರಬೇಕು.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ. ಈ ಬಲೂನು ಸಿರೆಯನ್ನು ಶಾಶ್ವತವಾಗಿ ರಿಪೇರಿ ಮಾಡಲು ಅಲ್ಲ. ಸಿರೆಯ ಗೋಡೆ ರಬ್ಬರಿನಂತೆ, ಬಲೂನು ಇಳಿದ ಕೂಡಲೆ ಮತ್ತೆ ಮುದುಡಿಕೊಳ್ಳತೊಡಗುತ್ತದೆ. ಬೇಕಾಗಿರುವುದು ವೈರು ದಾಟುವಷ್ಟು ಹೊತ್ತು, ವೈರು ದಾಟುವಷ್ಟು ಅಗಲ ಮಾತ್ರ. ಹಾಗಾಗಿ ಬಲೂನು ತೆಗೆದ ಕ್ಷಣವೇ ಉದ್ದನೆಯ ಕೊಳವೆಯೊಂದನ್ನು ತಡೆಯಾಚೆಗೆ, ಮಹಾಸಿರೆಯವರೆಗೆ ತೂರಿಸಿಬಿಡುತ್ತಾರೆ. ಎರಡು ವೈರು ಹಾಕುವುದಿದ್ದರೆ ಅದೇ ಕೊಳವೆಯಲ್ಲಿ ಇನ್ನೊಂದು ತಂತಿಯನ್ನೂ ಇಳಿಸಿಟ್ಟುಕೊಳ್ಳುತ್ತಾರೆ. ಸಿಕ್ಕ ದಾರಿಯನ್ನು ಕಳೆದುಕೊಂಡು ಮತ್ತೆ ಮೊದಲಿನಿಂದ ಹುಡುಕುವುದು ಬಲು ಕಷ್ಟ. ಸಿರೆ ಹರಿದರೆ? ಕಾಲರ್ ಬೋನಿನ ಬಳಿ ಸುತ್ತಲೂ ಕಲೆಗಟ್ಟಿದ ಅಂಗಾಂಶವೇ ಇರುವುದರಿಂದ, ಸಿರೆಯ ಒತ್ತಡವೂ ಕಡಿಮೆಯಾದ್ದರಿಂದ, ಸಾಮಾನ್ಯವಾಗಿ ರಕ್ತ ಬಹಳ ಸೋರುವುದಿಲ್ಲ. ಮಹಾಸಿರೆಯ ಕೆಳ ಅರ್ಧದ ಮಾತು ಬೇರೆ. ಆ ಭಾಗ ಹೃದಯದ ಹೊರಚೀಲದೊಳಗೇ ಇದೆ. ಅಲ್ಲಿ ಹರಿದರೆ ರಕ್ತ ಚೀಲದಲ್ಲಿ ತುಂಬಿ ಹೃದಯವನ್ನೇ ಅಮುಕುತ್ತದೆ. ಅಲ್ಲಿ ಬಲೂನು ಊದುವಾಗ ಪಕ್ಕದಲ್ಲಿ ಎಕೋ ಯಂತ್ರ, ಕರೆದರೆ ಓಡಿಬರುವ ಶಸ್ತ್ರವೈದ್ಯರು ಇರಲೇಬೇಕು.

ಹಾಗಾದರೆ ಸ್ಟೆಂಟ್ ಹಾಕಿ ತೆರೆದಿಡಬಾರದೇ ಎಂದು ಮನೆಯವರು ಕೇಳುತ್ತಾರೆ. ಹೃದಯದ ಸ್ಟೆಂಟಿನ ಹೆಸರು ಕೇಳಿದವರಿಗೆ ಇದು ಸಹಜವಾದ ಪ್ರಶ್ನೆ. ಆದರೆ ಹಳೆಯ ವೈರು ಸಿರೆಯಲ್ಲಿರುವಾಗ ಅದರ ಮೇಲೆ ಸ್ಟೆಂಟ್ ಬಿಡಿಸಿದರೆ ವೈರು ಗೋಡೆಗೂ ಲೋಹದ ಬಲೆಗೂ ನಡುವೆ ಸೆರೆಯಾಗುತ್ತದೆ. ನಾಳೆ ಆ ವೈರಿಗೆ ಸೋಂಕು ತಗಲಿದರೆ ಏನು ಗತಿ? ಪೇಸ್‌ಮೇಕರ್ ಸೋಂಕಿಗೆ ಔಷಧಿಯೊಂದೇ ಸಾಲದು, ಡಬ್ಬಿಯನ್ನೂ ವೈರನ್ನೂ ಪೂರ್ತಿ ಹೊರತೆಗೆಯಬೇಕು. ಬಲೆಗೆ ಸಿಕ್ಕ ವೈರನ್ನು ಎಳೆದು ತೆಗೆಯಲಾಗುವುದಿಲ್ಲ, ಎದೆ ತೆರೆಯಬೇಕಾಗುತ್ತದೆ. ಕೈ, ಮುಖ ವಿಪರೀತ ಊದಿ ಸ್ಟೆಂಟ್ ಹಾಕಲೇಬೇಕಾದರೆ, ಮೊದಲು ಹಳೆಯ ವೈರು ತೆಗೆದು, ಆಮೇಲೆ ಸ್ಟೆಂಟ್ ಇಟ್ಟು, ಅದರೊಳಗಿಂದ ಹೊಸ ವೈರು ಹಾಯಿಸುವುದು ಸರಿಯಾದ ಕ್ರಮ.

ಹಳೆಯ ವೈರು ತೆಗೆಯುವುದೇ ಒಂದು ದಾರಿಯೂ ಹೌದು. ಕೆಟ್ಟ ವೈರಿನ ಮೇಲೆ ಲೇಸರ್ ಅಥವಾ ತಿರುಗುವ ಅಂಚಿನ ಕೊಳವೆಯನ್ನು ತೊಡಿಸಿ, ಬೆಸೆದುಕೊಂಡ ನಾರನ್ನು ಇಂಚಿಂಚಾಗಿ ಬಿಡಿಸುತ್ತ ಹೃದಯದವರೆಗೆ ಹೋಗಿ ವೈರನ್ನು ಹೊರತೆಗೆದರೆ, ಆ ಕೊಳವೆ ಕೊರೆದ ಸುರಂಗದಲ್ಲೇ ಹೊಸ ವೈರು ಕಳಿಸಬಹುದು. ಕೆಟ್ಟದ್ದು ಹೋಯಿತು, ದಾರಿಯೂ ಆಯಿತು. ಅಪಾಯವೂ ಅಷ್ಟೇ ದೊಡ್ಡದು. ಪಳಗಿದ ಕೈಗಳಲ್ಲೂ ನೂರಕ್ಕೆ ಒಂದೆರಡು ಕಡೆ ಗಂಭೀರ ತೊಂದರೆ ಆಗುತ್ತದೆ, ಮಹಾಸಿರೆ ಹರಿದರೆ ನಿಮಿಷಗಳಲ್ಲಿ ಜೀವಕ್ಕೆ ಕುತ್ತು. ವಯಸ್ಸು ಚಿಕ್ಕದಿದ್ದು ಇನ್ನೂ ನಾಲ್ಕೈದು ಸಲ ಬ್ಯಾಟರಿ ಬದಲಿಸಬೇಕಾದವರಿಗೆ, ಸಿರೆಯಲ್ಲಿ ಈಗಾಗಲೇ ಮೂರು ನಾಲ್ಕು ವೈರು ಇರುವವರಿಗೆ ಇದನ್ನು ಯೋಚಿಸಬೇಕು. 72ರ ಯಜಮಾನರಿಗೆ ಬಲೂನಿನಿಂದ ದಾರಿಯಾಯಿತು ಎಂದಾದರೆ, ಕೆಟ್ಟ ವೈರಿನ ತುದಿಗೆ ಟೋಪಿ ಹಾಕಿ ಒಳಗೇ ಬಿಡುವುದು ಹಲವರ ಆಯ್ಕೆ.

ಸಾಮಾನ್ಯವಾಗಿ ಮೊದಲು ಹೊಳೆಯುವ ಉಪಾಯವೆಂದರೆ ಪಕ್ಕ ಬದಲಿಸುವುದು. ಎಡ ಮುಚ್ಚಿದೆ, ಬಲ ತೆರೆದಿದೆ, ಅಲ್ಲಿಂದ ಹಾಕಿದರಾಯಿತು. ಕೆಲವೊಮ್ಮೆ ಅದೇ ಸರಿ. ಹೊಸ ವೈರನ್ನು ಬಲಗಡೆಯಿಂದ ಇಳಿಸಿ, ಅದರ ಹೊರತುದಿಯನ್ನು ಎದೆಮೂಳೆಯ ಮೇಲೆ ಚರ್ಮದಡಿ ಸುರಂಗ ಮಾಡಿ ಎಡಗಡೆಯ ಡಬ್ಬಿಗೆ ತಂದು ಜೋಡಿಸುತ್ತಾರೆ. ಆದರೆ ಎಡಗಡೆ ಆದದ್ದು ಬಲಗಡೆಯೂ ಆಗಬಹುದಲ್ಲ? ಎರಡೂ ಕಡೆಯ ವೈರುಗಳು ಮಹಾಸಿರೆಯಲ್ಲಿ ಸೇರಿ ಅದನ್ನೇ ಮುಚ್ಚಿದರೆ ತಲೆ, ಕೈಗಳ ರಕ್ತಕ್ಕೆ ದಾರಿಯೇ ಉಳಿಯುವುದಿಲ್ಲ. ಒಳ್ಳೆಯ ಸಿರೆಯೊಂದನ್ನು ಖರ್ಚು ಮಾಡುವ ಮೊದಲು ಕೆಟ್ಟಿರುವ ಸಿರೆಯಲ್ಲಿ ಪ್ರಾಮಾಣಿಕವಾಗಿ ಒಂದು ಗಂಟೆ ಪ್ರಯತ್ನಿಸುವುದು ಮೇಲು.

ತಡೆಯ ಆಚೆ ಬದಿಗೆ ನೇರವಾಗಿ ಸೂಜಿ ಹಾಕುವುದೂ ಉಂಟು: ಕಾಲರ್ ಬೋನಿನ ಮೇಲಿನಿಂದಲೋ ಕುತ್ತಿಗೆಯ ಸಿರೆಯಿಂದಲೋ. ಅಲ್ಲಿಂದ ವೈರನ್ನು ಮೂಳೆಯ ಮೇಲೆ ಹಾಯಿಸಿ ಡಬ್ಬಿಗೆ ತರಬೇಕು. ತೆಳ್ಳಗಿನವರಲ್ಲಿ ಆ ಜಾಗದ ಚರ್ಮ ಸವೆದು ವೈರು ಹೊರಗೆ ಕಾಣುವ ಭಯವಿದೆ. ತೊಡೆಸಂದಿಯ ಮೇಲಿನ ಸಿರೆಯಿಂದ 85 ಸೆಂಟಿಮೀಟರಿನ ಉದ್ದ ವೈರು ಹಾಕಿ ಡಬ್ಬಿಯನ್ನು ಕಿಬ್ಬೊಟ್ಟೆಯಲ್ಲಿ ಇಟ್ಟವರೂ ಇದ್ದಾರೆ.

ಇನ್ನು ಆ ತಾಯಿಯ ವಿಷಯಕ್ಕೆ ಬರೋಣ. ಅವರ ಎಡ ತೋಳನ್ನು ಮುಟ್ಟುವಂತಿಲ್ಲ, ಅಲ್ಲಿ ಫಿಸ್ಟುಲಾ ಇದೆ. ಅಪಧಮನಿಯನ್ನು ಜೋಡಿಸಿರುವುದರಿಂದ, ಸದ್ದಿಲ್ಲದೆ ಹರಿಯಬೇಕಾದ ಸಿರೆಯಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ರಕ್ತ ನುಗ್ಗುತ್ತಿರುತ್ತದೆ. ಅದೇ ಕಡೆ ವೈರು ಹಾಕಿ ಸಿರೆ ಸ್ವಲ್ಪ ಕಿರಿದಾದರೂ ಸಾಕು, ಬೇರೆಯವರಲ್ಲಿ ಗೊತ್ತೇ ಆಗದಿದ್ದ ಅಡ್ಡಿ ಇವರಲ್ಲಿ ತೋಳನ್ನು ಕಂಬದಂತೆ ಊದಿಸುತ್ತದೆ, ಫಿಸ್ಟುಲಾ ಹಾಳಾಗುತ್ತದೆ. ಅವರ ಜೀವ ನಿಂತಿರುವುದೇ ಆ ಫಿಸ್ಟುಲಾದ ಮೇಲೆ. ಬಲಗಡೆ ಹಾಕೋಣವೆಂದರೆ, ಕುತ್ತಿಗೆಯ ಕೊಳವೆ ಇದ್ದ ಎರಡು ತಿಂಗಳಲ್ಲಿ ಆ ಕಡೆಯ ಸಿರೆ ಕಿರಿದಾಗಿರುವುದು ವೀನೋಗ್ರಾಂನಲ್ಲಿ ಕಾಣುತ್ತಿದೆ. ಬಲೂನಿನಿಂದ ತೆರೆಯಬಹುದು. ಆದರೆ ಎಡಗಡೆಯ ಫಿಸ್ಟುಲಾ ಎಂದಾದರೊಂದು ದಿನ ನಿಂತರೆ ಮುಂದಿನದನ್ನು ಬಲ ತೋಳಿನಲ್ಲೇ ಮಾಡಬೇಕು. ಜೊತೆಗೆ ವಾರಕ್ಕೆ ಮೂರು ಸಲ ದಪ್ಪ ಸೂಜಿ ಚುಚ್ಚಿಸಿಕೊಳ್ಳುವವರ ರಕ್ತಕ್ಕೆ ಸೋಂಕು ಇಳಿಯುವ ಸಾಧ್ಯತೆ ಹೆಚ್ಚು, ರಕ್ತದಲ್ಲಿ ತೇಲುವ ವೈರು ಆ ಸೋಂಕಿಗೆ ಗೂಡು.

ಇಂಥವರಿಗೆ ವೈರೇ ಇಲ್ಲದ ಪೇಸ್‌ಮೇಕರ್ ದೊಡ್ಡ ಆಸರೆ. ಮಾತ್ರೆಯ ಕ್ಯಾಪ್ಸೂಲಿನಂಥ ಆಕಾರ, ಎರಡೂವರೆ ಸೆಂಟಿಮೀಟರ್ ಚಿಲ್ಲರೆ ಉದ್ದ, 2 ಗ್ರಾಂ ಆಸುಪಾಸಿನ ತೂಕ. ಬ್ಯಾಟರಿ, ಸರ್ಕ್ಯೂಟ್, ವಿದ್ಯುತ್ ಕೊಡುವ ತುದಿ ಎಲ್ಲವೂ ಅದರೊಳಗೇ. ತೊಡೆಸಂದಿಯ ಸಿರೆಯಿಂದ ಸುಮಾರು 9 ಮಿಲಿಮೀಟರ್ ದಪ್ಪದ ಕೊಳವೆಯಲ್ಲಿ ಅದನ್ನು ಮೇಲಕ್ಕೆ ಒಯ್ದು, ಬಲ ಕೆಳಕೋಣೆಯ ನಡುಗೋಡೆಗೆ ಒತ್ತಿ ಬಿಡುತ್ತಾರೆ. ಒಂದು ಮಾದರಿಯಲ್ಲಿ ನಾಲ್ಕು ಪುಟ್ಟ ಕೊಕ್ಕೆಗಳು ಮಾಂಸವನ್ನು ಹಿಡಿಯುತ್ತವೆ, ಇನ್ನೊಂದರಲ್ಲಿ ಸ್ಕ್ರೂ ತಿರುಗಿಸಿ ಕೂರಿಸುತ್ತಾರೆ. ಎದೆಯ ಮೇಲಿನ ಸಿರೆಗಳು ಮುಚ್ಚಿದ್ದರೂ ಇದಕ್ಕೆ ಚಿಂತೆಯಿಲ್ಲ, ಇದು ಬರುವುದೇ ಕೆಳಗಿನಿಂದ. ಮೈಕ್ರಾ ಎಂಬ ಮಾದರಿಯನ್ನು ಮೊದಲ ರೋಗಿಗೆ ಇಟ್ಟದ್ದು 2013ರ ಡಿಸೆಂಬರಿನಲ್ಲಿ, ಆಸ್ಟ್ರಿಯಾದಲ್ಲಿ. ಅಮೆರಿಕದಲ್ಲಿ 2016ರಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಮೊದಲಿನವು ಕೆಳಕೋಣೆಯನ್ನಷ್ಟೇ ಬಡಿಸುತ್ತಿದ್ದವು. ಆಮೇಲೆ ಮೇಲ್ಕೋಣೆಯ ಅಲುಗಾಟವನ್ನು ಗ್ರಹಿಸಿ ಅದಕ್ಕೆ ತಾಳ ಹಾಕುವ ಮಾದರಿ ಬಂತು, 2023ರಲ್ಲಿ ಎರಡು ಕೋಣೆಗಳಲ್ಲಿ ಎರಡು ಕ್ಯಾಪ್ಸೂಲುಗಳು ಪರಸ್ಪರ ಸಂದೇಶ ಕಳಿಸಿಕೊಂಡು ನಡೆಯುವ ಅವೇರ್ ಎಂಬ ಮಾದರಿಗೂ ಅಲ್ಲಿ ಅನುಮತಿ ಸಿಕ್ಕಿತು.

ಇದಕ್ಕೂ ಮಿತಿಗಳಿವೆ. ಕೆಳಗಿನ ಮಹಾಸಿರೆಯೂ ತೊಡೆಯ ಸಿರೆಯೂ ತೆರೆದಿರಬೇಕು. ತೊಡೆಯಲ್ಲಿ ಡಯಾಲಿಸಿಸ್ ಕೊಳವೆಗಳನ್ನು ಹಾಕಿ ಹಾಕಿ ಅಲ್ಲೂ ಮುಚ್ಚಿರಬಹುದು, ಅದನ್ನೂ ಮೊದಲೇ ನೋಡಬೇಕು. ಹೃದಯದ ಬಲಗಡೆಯ ಕವಾಟದ ಜಾಗದಲ್ಲಿ ಲೋಹದ ಕೃತಕ ಕವಾಟ ಇದ್ದವರಿಗೆ ಇದು ಆಗದು. ನೂರಕ್ಕೆ ಸುಮಾರು ಒಬ್ಬರಲ್ಲಿ ಹೃದಯದ ಗೋಡೆ ತೂತಾಗಿ ಹೊರಚೀಲದಲ್ಲಿ ರಕ್ತ ಸೇರಬಹುದು. ಬ್ಯಾಟರಿ ಮುಗಿದಾಗ, ಹಳೆಯದು ಹೃದಯದ ಮಾಂಸದಲ್ಲಿ ಹುದುಗಿ ಹೋಗಿದ್ದರೆ ಅದನ್ನು ಆರಿಸಿ ಅಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಇಡುತ್ತಾರೆ. ಬೆಲೆ ಸಾಮಾನ್ಯ ಪೇಸ್‌ಮೇಕರಿನ ಹಲವು ಪಟ್ಟು, ಲಕ್ಷಗಳ ಲೆಕ್ಕ. ಇಷ್ಟು ಕೊಡಲಾಗದ ಮನೆಗಳು ನಮ್ಮಲ್ಲಿ ಹೆಚ್ಚು. ಅವರಿಗೆ ಉಳಿಯುವುದು ಲಾರ್ಸನ್ ಅವರಿಗೆ ಮಾಡಿದ ಹಳೆಯ ದಾರಿಯ ಸುಧಾರಿತ ರೂಪ: ಪೂರ್ಣ ಅರಿವಳಿಕೆ ಕೊಟ್ಟು, ಎದೆಮೂಳೆಯ ಕೆಳತುದಿಯಲ್ಲೋ ಎಡಪಕ್ಕೆಲುಬಿನ ನಡುವೆಯೋ ಸಣ್ಣ ಕೊಯ್ತ ಮಾಡಿ, ವೈರನ್ನು ಹೃದಯದ ಹೊರಮೈಗೆ ಹೊಲಿದು, ಡಬ್ಬಿಯನ್ನು ಹೊಟ್ಟೆಯ ಗೋಡೆಯಲ್ಲಿ ಇಡುವುದು. ಒಳಗಿನ ವೈರಿನಷ್ಟು ಕಾಲ ಇದು ಬಾಳುವುದಿಲ್ಲ, ಕ್ರಮೇಣ ಹೆಚ್ಚು ವಿದ್ಯುತ್ ಬೇಡತೊಡಗುತ್ತದೆ. ಆದರೂ ಇದು ಸಿರೆಯನ್ನು ಮುಟ್ಟುವುದಿಲ್ಲ, ರಕ್ತದ ಸೋಂಕಿನಿಂದ ದೂರವಿರುತ್ತದೆ. ಎರಡನೇ ದರ್ಜೆಯ ಚಿಕಿತ್ಸೆಯೆಂದು ಇದನ್ನು ಯಾರೂ ಕಡೆಗಣಿಸಬಾರದು.

ಈ ಎಲ್ಲ ಪರೀಕ್ಷೆ, ಚರ್ಚೆಗಳಿಗೆ ಸಮಯ ಬೇಕು, ಆದರೆ ಹೃದಯ 30ರಲ್ಲಿ ಬಡಿಯುತ್ತಿರುವವರಿಗೆ ಕಾಯುವ ಶಕ್ತಿ ಇಲ್ಲ. ಅದಕ್ಕೆ ತಾತ್ಕಾಲಿಕ ವೈರು ಹಾಕುತ್ತಾರೆ. ಅದನ್ನು ಎಲ್ಲಿಂದ ಹಾಕುತ್ತಾರೆ ಎನ್ನುವುದು ಬಹಳ ಮುಖ್ಯ. ಕಾಲರ್ ಬೋನಿನ ಕೆಳಗಿನ ಸಿರೆಯನ್ನು ಬಿಟ್ಟು ತೊಡೆಯಿಂದ ಹಾಕಿದರೆ, ಶಾಶ್ವತ ವೈರಿನ ದಾರಿ ಕೆಡುವುದಿಲ್ಲ. ಡಯಾಲಿಸಿಸ್ ಕೊಳವೆಗೂ ಇದೇ ಮಾತು. ಕಾಲರ್ ಬೋನಿನ ಕೆಳಗಿನ ಸಿರೆಯನ್ನು ತಪ್ಪಿಸಿ, ಸಾಧ್ಯವಾದರೆ ನೇರವಾಗಿ ಇಳಿಯುವ ಬಲ ಕುತ್ತಿಗೆಯ ಸಿರೆಗೇ ಹಾಕಿ ಎಂದು ಮೂತ್ರಪಿಂಡ ತಜ್ಞರ ಮಾರ್ಗಸೂಚಿಗಳು ಬಹುಕಾಲದಿಂದ ಹೇಳುತ್ತಿವೆ. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ನಡೆಯುತ್ತಿದೆ, ಈ ಎಚ್ಚರ ಅಲ್ಲೂ ಇರಬೇಕು. ಫಿಸ್ಟುಲಾವನ್ನು ಮೊದಲೇ ಮಾಡಿಸಿಕೊಂಡರೆ ಕೊಳವೆಯ ಅಗತ್ಯವೇ ಬೀಳದಿರಬಹುದು.

ಮನೆಯವರು ಆಸ್ಪತ್ರೆಗೆ ಹೋಗುವಾಗ ಕೆಲವು ವಿಷಯಗಳನ್ನು ಕೇಳದೆಯೇ ಹೇಳಬೇಕು: ಕುತ್ತಿಗೆಗೆ, ಎದೆಗೆ ಹಿಂದೆ ಯಾವಾಗಲಾದರೂ ಕೊಳವೆ ಹಾಕಿದ್ದರೇ, ಯಾವ ಕಡೆ, ಎಷ್ಟು ದಿನ ಇತ್ತು, ವಿಕಿರಣ ಚಿಕಿತ್ಸೆ ಆಗಿತ್ತೇ, ಕೈ ಊದಿದ್ದುಂಟೇ. ಐಸಿಯುವಿನಲ್ಲಿ ಒಂದು ವಾರ ಇದ್ದು ಬಂದವರಿಗೆ ಕುತ್ತಿಗೆಯಲ್ಲಿ ಕೊಳವೆ ಇದ್ದದ್ದು ನೆನಪೇ ಇರುವುದಿಲ್ಲ, ಆದರೆ ಪುಟ್ಟ ಕಲೆ ಉಳಿದಿರುತ್ತದೆ. ಪೇಸ್‌ಮೇಕರ್ ಹಾಕಿದ ಮೇಲೆ ಆ ಕಡೆಯ ಕೈ ಊದಿದರೆ, ಭಾರವಾದರೆ, ನೀಲಿಗಟ್ಟಿದರೆ ತಡಮಾಡದೆ ತೋರಿಸಬೇಕು. ಹೊಸದಾಗಿ ಹೆಪ್ಪುಗಟ್ಟಿದ ಸಿರೆಗೆ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಹಲವರಿಗೆ ವಾಸಿಯಾಗುತ್ತದೆ. ಮನೆಗೆ ಹೋಗುವಾಗ ಡಿಸ್ಚಾರ್ಜ್ ಹಾಳೆಯಲ್ಲಿ ವೈರು ಯಾವ ಸಿರೆಯಿಂದ ಹೋಗಿದೆ, ಅಡ್ಡಿ ಎಲ್ಲಿತ್ತು, ಒಳಗೆ ಒಟ್ಟು ಎಷ್ಟು ವೈರುಗಳಿವೆ, ಬಿಟ್ಟ ಹಳೆಯ ವೈರು ಇದೆಯೇ ಎಂದು ಬರೆಸಿಕೊಳ್ಳಿ, ವೀನೋಗ್ರಾಂನ ಸಿಡಿ ಕೇಳಿ ಪಡೆಯಿರಿ. 10 ವರ್ಷದ ನಂತರ ಬ್ಯಾಟರಿ ಬದಲಿಸುವ ವೈದ್ಯರು ಬೇರೆಯವರಾಗಿರಬಹುದು, ಅವರಿಗೆ ಕೈಗೆ ಸಿಗುವ ನಕ್ಷೆ ಅದೊಂದೇ. ಆ ತಾಯಿಯಂಥವರ ಮನೆಯವರು ಇನ್ನೊಂದನ್ನು ದಾದಿಯರಿಗೆ ಪ್ರತಿ ಸಲವೂ ನೆನಪಿಸಬೇಕು: ಫಿಸ್ಟುಲಾದ ಕೈಯಿಂದ ರಕ್ತ ತೆಗೆಯಬೇಡಿ, ಬಿ.ಪಿ. ನೋಡಬೇಡಿ. ಇನ್ನೊಂದು ಕೈಯಿಂದ ತೆಗೆಯುವಾಗಲೂ ಮೊಣಕೈಯ ನಾಳ ಬಿಟ್ಟು ಅಂಗೈಯ ಹಿಂಬದಿಯ ನಾಳದಿಂದ ತೆಗೆಯಿರಿ.